ಬಿಳಿ ಅನ್ನ

ತಟ್ಟೆಯ ಮೇಲೆ ಅಂಗೈ ಕವುಚಿ ಕೂತ ಆ ಹುಡುಗಿಯನ್ನು ನೆನೆದರೆ ಈಗಲೂ ನನಗೆ ಮೊದಲು ಬರುವುದು ಕೋಪವೇ. ನಾಚಿಕೆ ಆಮೇಲೆ ಬರುತ್ತದೆ. ಏಳು ವರ್ಷದ ಮಗು, ಹೆಸರು ಭಾರ್ಗವಿ. ನಾನು ಆ ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದೆ. ಜೊತೆಯಲ್ಲಿದ್ದ ಗಂಗಾಂಬಿಕೆ ತಾನು ಬೇಯಿಸಿದ ಅನ್ನ ಹಾಕುತ್ತ ಮುಂದೆ ಹೋದರೆ, ಅವಳ ಹಿಂದೆ ನಾನು ಸಾರಿನ ಬಕೆಟ್ಟು ಹಿಡಿದು ಬರುತ್ತಿದ್ದೆ. ಗಂಗಾಂಬಿಕೆಗೆ ಸುಮ್ಮನೆ ತಟ್ಟೆ ಒಡ್ಡುತ್ತಿದ್ದ ಈ ಮಗು, ನಾನು ಹತ್ತಿರ ಬಂದೊಡನೆ ಸುಡುವ ಅನ್ನದ ಮೇಲೆಯೇ ಅಂಗೈ ಮುಚ್ಚುತ್ತಿತ್ತು. ಮುಖವೆತ್ತಿ ನನ್ನನ್ನು ನೋಡುತ್ತಲೂ ಇರಲಿಲ್ಲ.

ಗಂಗಾಂಬಿಕೆ ಆ ಮಗುವಿನ ಬೀದಿಯವಳು. ನಾನು ಕೆರೆಯಾಚೆಯ ಕೇರಿಯವಳು. ಇದಕ್ಕಿಂತ ಬಿಡಿಸಿ ಹೇಳಬೇಕೆ?

ನಾನು ಕೆಲಸಕ್ಕೆ ಸೇರಿದ ದಿನ ಅರ್ಧ ಶಾಲೆಯೇ ತಟ್ಟೆ ಬಿಟ್ಟು ಎದ್ದು ಹೋಗಿತ್ತು. ಹೊಟ್ಟೆನೋವು, ಒಪ್ಪತ್ತು, ಬೆಳ್ಳುಳ್ಳಿ ಒಗ್ಗುವುದಿಲ್ಲ, ಎಷ್ಟು ನೆಪಗಳನ್ನು ಕೇಳಿರಲಿಲ್ಲ ನಾನು! ನಮ್ಮ ಕೇರಿಯ ಸಂಘದ ಓಬಳೇಶ ಮೂರು ವರ್ಷ ಕಚೇರಿಗೆ ಅಲೆದು ನನ್ನ ಕೆಲಸ ಉಳಿಸಿಕೊಟ್ಟಿದ್ದ. ಭಾರ್ಗವಿ ಸೇರಿದ ವರ್ಷವೂ ಇಬ್ಬರು ಮಕ್ಕಳು ಮನೆಯಿಂದ ಬುತ್ತಿ ತರುತ್ತಿದ್ದರು; ಏಕೆಂದು ಊರಿಗೆಲ್ಲ ಗೊತ್ತಿತ್ತು. ಹಾಲು ಕುಡಿದು ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ನನ್ನ ಬಾಯಿ ಸುಟ್ಟಿದ್ದು ಒಂದು ಸಲವಲ್ಲ. ಒಂದೆರಡು ದಿನ ಆ ಅಂಗೈಯನ್ನು ಸರಿಸಿ ಸಾರು ಸುರಿದೆ. ಅವಳು ತಟ್ಟೆ ಮುಟ್ಟಲಿಲ್ಲ. ಹತ್ತನೆಯ ದಿನ ಅದೇ ತಟ್ಟೆಯನ್ನು ಎತ್ತಿಕೊಂಡು ಹೋಗಿ ಹೆಡ್‌ಮೇಷ್ಟ್ರ ಮೇಜಿನ ಮೇಲೆ ಕುಕ್ಕಿದೆ.

ಅವರು ತಾಯಿಯನ್ನು ಕರೆಸಿದರು. ವಾರಿಜಾಕ್ಷಿ ಎಂದು ಹೆಸರು, ಸಣಕಲು ಹೆಂಗಸು. ಮೇಷ್ಟ್ರನ್ನು ಬಿಟ್ಟು ನನ್ನ ಕಡೆಗೇ ತಿರುಗಿ ಹೇಳಿದಳು.

"ಮನೇಲೂ ಹಿಂಗೇ ಅಕ್ಕ. ಅನ್ನಕ್ಕೆ ಇನ್ನೊಂದು ತಾಗಿದ್ರೆ ಮುಟ್ಟಲ್ಲ. ಬಿಳಿ ಅನ್ನ ಒಂದೇ ಅವಳು ತಿನ್ನೋದು. ಎಲ್ಲಾ ಮಕ್ಕಳ ಹಂಗಲ್ಲ ನನ್ ಮಗಳು. ಏನು ಅಂತ ನಂಗೂ ಗೊತ್ತಾಗ್ತಿಲ್ಲ."

ಗಂಟೆ ಹೊಡೆದರೆ ಕಿವಿ ಮುಚ್ಚಿಕೊಳ್ಳುತ್ತಾಳೆ, ಬಾಚಣಿಗೆ ತಾಗಿಸಿದರೆ ಒದ್ದಾಡುತ್ತಾಳೆ, ಕರೆದರೆ ತಿರುಗುವುದಿಲ್ಲ ಎಂದೆಲ್ಲ ಹೇಳಿದಳು. ನನಗೆ ಅದೆಲ್ಲ ಸುಳ್ಳಿಗೆ ಹಾಕಿದ ಒಗ್ಗರಣೆಯಂತೆ ಕೇಳಿಸಿತು. ಈ ನೆಪವೊಂದನ್ನು ಕೇಳುವುದು ಬಾಕಿಯಿತ್ತು ಸಾರ್ ಎಂದು ಮೇಷ್ಟ್ರಿಗೆ ಹೇಳಿ ಹೊರಬಂದೆ. ನನ್ನ ನಾಲಿಗೆ ಚಿಕ್ಕಂದಿನಿಂದಲೂ ಮೆಣಸಿನಕಾಯಿಯೇ.

ಸುದ್ದಿ ಓಬಳೇಶನ ಕಿವಿಗೆ ಬಿತ್ತು. ಅವನು ಶಾಲೆಗೆ ಬಂದು ಕೂತ. ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ತೀರ್ಮಾನವಾಯಿತು: ಸೋಮವಾರ ಎಲ್ಲರೆದುರು ತಾಯಿ ಮಗಳಿಬ್ಬರೂ ನನ್ನ ಕೈಯಿಂದ ಉಣ್ಣಬೇಕು, ಇಲ್ಲದಿದ್ದರೆ ದೂರು ಠಾಣೆಗೆ ಹೋಗುತ್ತದೆ. ವಾರಿಜಾಕ್ಷಿ ತಲೆಯಾಡಿಸಿದಳು. ಅವಳು ಹೆದರಿದ್ದನ್ನು ನೋಡಿ ನನಗೆ ಸಂತೋಷವಾಗಿತ್ತು. ಈಗ ಮುಚ್ಚಿಟ್ಟು ಏನು ಪ್ರಯೋಜನ?

ಸೋಮವಾರ ಶಾಲೆಯ ಅಂಗಳದಲ್ಲಿ ಚಾಪೆ ಹಾಸಿದರು. ಅನ್ನವನ್ನೂ ನಾನೇ ಬಡಿಸಿದೆ, ಸಾರನ್ನೂ ನಾನೇ ಹಾಕಿ ಕಲಸಿದೆ. ತುತ್ತು ಕೊಟ್ಟಾಗ ವಾರಿಜಾಕ್ಷಿ ಒಂದು ಕ್ಷಣವೂ ಹಿಂಜರಿಯಲಿಲ್ಲ. ಉಂಡು, ಬೆರಳು ನೆಕ್ಕಿ, ಚೆನ್ನಾಗಿದೆ ಅಕ್ಕ ಎಂದಳು. ಹೇಸಿಗೆಯನ್ನು ಅಡಗಿಸಿಕೊಂಡು ಉಣ್ಣುವವರನ್ನು ನಾನು ಬಹಳ ಕಂಡಿದ್ದೇನೆ. ಇದು ಹಾಗಿರಲಿಲ್ಲ. ಆದರೂ ನನ್ನ ಕೈ ನಿಲ್ಲಲಿಲ್ಲ.

ತಾಯಿ ಮಗಳ ಹೆಗಲು ಹಿಡಿದುಕೊಂಡಳು. "ಒಂದೇ ಒಂದು ತುತ್ತು ಪುಟ್ಟೀ," ಎಂದಳು.

ನಾನು ತುತ್ತನ್ನು ಬಾಯಿಗಿಟ್ಟೆ. ಮಗು ಅಳಲಿಲ್ಲ, ಕಿರುಚಲಿಲ್ಲ. ಮೈಯೆಲ್ಲ ಕೊರಡಿನಂತೆ ಸೆಟೆಯಿತು. ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು, ಕಣ್ಣು ಬಿಗಿದು ನುಂಗಿತು. ಮರುಗಳಿಗೆಗೆ ಎಲ್ಲವೂ ನನ್ನ ಮಡಿಲಿಗೆ ಬಂತು. "ನೋಡ್ರೋ, ಹೆಂಗ್ ಹೇಸ್ಕೋತೈತೆ," ಎಂದರು ನಮ್ಮವರಲ್ಲಿ ಯಾರೋ. ಗದ್ದಲವೆದ್ದಿತು.

ಆ ಗದ್ದಲದ ನಡುವೆ ನಾನೊಬ್ಬಳೇ ಕಂಡದ್ದು ಇದು. ಮಗು ಬಗ್ಗಿ, ನನ್ನ ಬೆರಳುಗಳು ಕಲಸಿದ ಅದೇ ತಟ್ಟೆಯಿಂದ ಒಂದು ಅಗುಳು ಹೆಕ್ಕಿತು. ಅದನ್ನು ಲಂಗಕ್ಕೆ ಒರೆಸಿ, ಹಳದಿಯೆಲ್ಲ ಹೋಯಿತೇ ಎಂದು ನೋಡಿ, ಬಾಯಿಗೆ ಹಾಕಿಕೊಂಡಿತು. ಆಮೇಲೆ ಇನ್ನೊಂದು ಅಗುಳು. ನನ್ನ ಕೈ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಅದರ ತಾಯಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

"ಏನಕ್ಕ, ಬಿಡಾನಾ, ದೂರು ಬರ್ದು ಕೊಡಾನಾ?" ಎಂದು ಓಬಳೇಶ ಕೇಳಿದ.

ನಾನು ಮಡಿಲು ಒರೆಸಿಕೊಳ್ಳುತ್ತ ಲೆಕ್ಕ ಹಾಕಿದೆ. ಮಗುವಿನ ತಪ್ಪಿಲ್ಲವೆಂದು ಹೇಳಿದರೆ, ಬುತ್ತಿ ಕಳಿಸುವ ಆ ಎರಡು ಮನೆಯವರೂ ನಾಳೆ ನಮ್ಮ ಮಕ್ಕಳೂ ಹಾಗೆಯೇ ಎನ್ನುತ್ತಾರೆ. ನನಗಾಗಿ ಚಪ್ಪಲಿ ಸವೆಸಿದ ಮನುಷ್ಯ ಎದುರಿಗೆ ನಿಂತಿದ್ದಾನೆ. ಮಗುವಿಗೆ ಆಗದಿರುವುದು ಸಾರು, ನನ್ನ ಕೈಯಲ್ಲ ಎಂದು ಕೊನೆಗೂ ಹೇಳಿದೆ; ಅಷ್ಟರಲ್ಲಾಗಲೇ ವಾರಿಜಾಕ್ಷಿ ಮಗಳನ್ನೆತ್ತಿಕೊಂಡು ಗೇಟು ದಾಟಿದ್ದಳು.

"ನಿನ್ ಮನ್ಸು ದೊಡ್ಡದು ಬಿಡಕ್ಕ," ಎಂದ ಓಬಳೇಶ. ದೂರು ಅಲ್ಲಿಗೇ ನಿಂತಿತು. ನಾನು ನಿಜ ಹೇಳಿದೆನೆಂದು ಒಬ್ಬರೂ ತಿಳಿಯಲಿಲ್ಲ, ಉದಾರಿಯೆಂದು ತಿಳಿದರು.

ಮರುದಿನದಿಂದ ಸಾರಿನ ಸೋಂಕಿಲ್ಲದ ಒಂದು ತಟ್ಟೆ ಅನ್ನ ಬೇರೆ ತೆಗೆದಿಟ್ಟೆ. ಭಾರ್ಗವಿ ಬರಲಿಲ್ಲ. ಎರಡು ವಾರ ಕಾದು, ಡಬ್ಬಿಯಲ್ಲಿ ಅನ್ನ ತುಂಬಿಕೊಂಡು ಅವರ ಬೀದಿಗೆ ಹೋದೆ. ಹುಟ್ಟಿದಾಗಿನಿಂದ ಆ ಬೀದಿಯ ಒಂದು ಮನೆಯೊಳಗೂ ನಾನು ಕಾಲಿಟ್ಟವಳಲ್ಲ. ಹೊರಗೇ ನಿಲ್ಲಿಸಿದರೆ ಏನೆನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ವಾರಿಜಾಕ್ಷಿ ಒಳಗೆ ಕರೆದು ಚಾಪೆ ಹಾಕಿದಳು.

ದೊಡ್ಡ ಊರಿನ ಡಾಕ್ಟರಿಗೆ ತೋರಿಸಿ ಬಂದಿದ್ದಳಂತೆ. ಅದಕ್ಕೆ ಆಟಿಸಂ ಎನ್ನುತ್ತಾರಂತೆ, ರೋಗವಲ್ಲವಂತೆ, ಮಗು ಇರುವ ರೀತಿಯೇ ಹಾಗಂತೆ. ಒಂದೊಂದನ್ನೇ ಮೆಲ್ಲಗೆ ರೂಢಿ ಮಾಡಿಸಬೇಕಂತೆ. ಬಲವಂತ ಮಾತ್ರ ಕೂಡದು ಎಂದರಂತೆ. ಅಷ್ಟು ಹೇಳಿ ಅವಳು ನೆಲ ನೋಡಿದಳು. ನಾನು ಡಬ್ಬಿಯನ್ನು ಮುಂದೆ ಸರಿಸಿದೆ. ಅವಳು ಮುಚ್ಚಳ ತೆಗೆಯಲಿಲ್ಲ.

"ಈಗ ಬಿಳಿ ಅನ್ನಾನೂ ಬಿಟ್ಬಿಟ್ಟಳು ಅಕ್ಕ. ಅನ್ನ ಕಂಡ್ರೇ ಬಾಯಿ ಬಿಗ್ಕೋತಾಳೆ. ಅದೊಂದೇ ಇತ್ತು ಅವಳಿಗೆ." ಮುಖವೆತ್ತಿ ಕೇಳಿದಳು, "ಅಷ್ಟು ಮಕ್ಕಳಿಗೆ ಬೇಯಿಸಿ ಹಾಕೋರು ನೀವು. ಇನ್ನೇನು ಕೊಟ್ಟು ನೋಡ್ಲಿ, ಹೇಳಿ."

ಅದು ಕೊಂಕಾಗಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ಅಷ್ಟರಲ್ಲಿ ಮಗು ಒಳಕೋಣೆಯಿಂದ ಬಂದು ನನ್ನನ್ನು ಕಂಡಿತು. ಕಿವಿಗಳ ಮೇಲೆ ಕೈ ಹೋದವು, ತುಟಿ ಬಿಗಿಯಿತು. ಸೊರಗಿ ಕಡ್ಡಿಯಾಗಿತ್ತು. ಏನೂ ಮಾಡಲ್ಲ ಕಂದಾ ಎಂದು ಪಿಸುಗುಟ್ಟಿದೆ. ಎದ್ದು ಗೋಡೆಗೆ ಒತ್ತಿ ನಿಂತೆ. ಕೈಗಳು ಇಳಿಯಲಿಲ್ಲ. ಬಾಗಿಲವರೆಗೆ ಸರಿದೆ. ಆಗಲೂ ಇಳಿಯಲಿಲ್ಲ. ಆ ಮನೆಯಲ್ಲಿ ಯಾರೂ ನನ್ನನ್ನು ಹೊರಗೆ ಹೋಗು ಎನ್ನಲಿಲ್ಲ. ಹೊಸಿಲು ದಾಟಿ, ಜಗಲಿಯ ಮೆಟ್ಟಿಲಿಳಿದು, ನಾನೇ ಬೀದಿಯಲ್ಲಿ ನಿಂತೆ. ಅಲ್ಲಿಂದ ನೋಡಿದಾಗ ಕೈಗಳು ಕಿವಿಯಿಂದ ತುಸು ಸಡಿಲವಾದಂತೆ ಕಂಡವು. ನಾನು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದೆ.