ಕಂಬದ ಮೇಲಿನ ನನ್ನ ದನಿ

ಸಾಲೊಂಗೊ ಲುಯಿಂಬಾಜಿ ತೀರಿಕೊಂಡರೆಂದು ನನ್ನದೇ ದನಿ ಇಡೀ ಕಿಟೆಂಬೆ ಸಂತೆಗೆ ಸಾರಿದಾಗ ನಾನು ಅಂಗಡಿಯ ಹಿಂದೆ ಕೂತು ಬಾಳೆಕಾಯಿಯ ಸಿಪ್ಪೆ ಹೆರೆಯುತ್ತಿದ್ದೆ. ತುಟಿ ಅಲುಗಿಸಿರಲಿಲ್ಲ. ಆದರೆ ತಲೆಯ ಮೇಲೆ, ಕಂಬದ ತುದಿಗೆ ಕಟ್ಟಿದ ಧ್ವನಿವರ್ಧಕದ ತುತ್ತೂರಿಗಳಿಂದ ನಾನೇ ಮಾತಾಡುತ್ತಿದ್ದೆ. "ಕೇಳಿ, ನಮ್ಮವರೇ, ಕೇಳೀ." ಸಂತೆಗೆ ದಿನಾ ಸುದ್ದಿ ಕೂಗುವವಳು ನಾನೇ, ಎರಡನೆಯ ಸಲ ಸ್ವಲ್ಪ ಎಳೆಯುವುದು ನನ್ನ ಅಭ್ಯಾಸ. ಆ ಎಳೆತವೂ ಹಾಗೇ ಇತ್ತು.

ಚಾಕು ಹಿಡಿದುಕೊಂಡೇ ಮುಂದಕ್ಕೆ ಓಡಿದೆ. ಮೈಕಿನ ಮೇಜಿನ ಬಳಿ ಯಾರೂ ಇರಲಿಲ್ಲ. ತುತ್ತೂರಿಗಳಿಗೆ ದನಿ ಕಳಿಸುವ ಡಬ್ಬದ ನೀಲಿ ದೀಪ ಮಾತ್ರ ನೆಟ್ಟಗೆ ಉರಿಯುತ್ತಿತ್ತು. ಎಲ್ಲಿಯದೋ ಫೋನು ಅದಕ್ಕೆ ಬ್ಲೂಟೂತಿನಲ್ಲಿ ಜೋಡಿಯಾಗಿದೆ ಎಂದು ಅದರ ಅರ್ಥ. ನಾನು ಪ್ಲಗ್ಗು ಕಿತ್ತುಹಾಕುವಷ್ಟರಲ್ಲಿ ಸುದ್ದಿ ಮುಗಿದೇ ಹೋಗಿತ್ತು. ಎದುರಿಗೆ ಟೊಮೆಟೊ ಮಾರುವ ನಂಟೊಂಗೊ ಆಗಲೇ ಸೊಂಟಕ್ಕೆ ಬಟ್ಟೆ ಬಿಗಿದು ಎದ್ದಿದ್ದಳು.

"ಪಾಪ, ನಿನ್ನೆ ತಾನೇ ನನ್ನ ಹತ್ರ ಚೌಕಾಸಿ ಮಾಡಿ ಬೈಸ್ಕೊಂಡು ಹೋದ್ರು," ಅಂದಳು.

"ಕೂತ್ಕೊಳೇ. ಅದನ್ನ ನಾನು ಹೇಳಿಲ್ಲ."

"ನಿನ್ನ ದನಿ ನನಗೆ ಗೊತ್ತಿಲ್ವಾ ನಬ್ವಾಮಿ? ದಿನಾ ಕೇಳಿ ಕೇಳಿ ಕಿವಿ ತೂತಾಗಿದೆ."

ಸಾವಿನ ಸುದ್ದಿ ಬಂದರೆ ನಮ್ಮವರು ವಿಚಾರಿಸುತ್ತಾ ನಿಲ್ಲುವುದಿಲ್ಲ, ಹೊರಡುತ್ತಾರೆ. ಹೆಣಕ್ಕೆ ಹೊದಿಸುವ ತೊಗಟೆಬಟ್ಟೆ ಹಿಡಿದು ಜನ ಅವರ ಮನೆಯ ಗುಡ್ಡ ಹತ್ತಿದರು. ಗಂಡಸರು ರಾತ್ರಿಯ ಸಾವಿನ ಜಾಗರಣೆಗೆ ಅಂಗಳದಲ್ಲಿ ಬೆಂಕಿ ಹಾಕಲು ಸೌದೆ ಇಳಿಸಿದರು. ಲುಯಿಂಬಾಜಿ ಒಳಗೆ ಕಡಲೆಕಾಯಿ ಸಾರಿನಲ್ಲಿ ಊಟ ಮಾಡುತ್ತಿದ್ದರು. ಹೆಂಗಸರ ಗೋಳು ಕೇಳಿ, ಪಕ್ಕದ ಮನೆಯಲ್ಲಿ ಯಾರಿಗೆ ಏನಾಯಿತೋ ಎಂದು ತಾವೂ ಮುಖ ಸಣ್ಣದು ಮಾಡಿಕೊಂಡು ಹೊರಬಂದರಂತೆ. ಬೇರೆಯವರಿಗಾಗಿದ್ದರೆ ನಾವೆಲ್ಲ ವರ್ಷವಿಡೀ ನಗುತ್ತಿದ್ದೆವು. ಅವಳಿಮಕ್ಕಳ ತಂದೆಯಾಗಿ ಸಾಲೊಂಗೊ ಅನ್ನಿಸಿಕೊಂಡ ಆ ಹಿರಿಯರು ತಮಗಾಗಿ ತಂದ ಸೌದೆಯನ್ನು ನೋಡುತ್ತಾ ನಿಂತುಬಿಟ್ಟರು. ಆಮೇಲೆ ಮನೆಯಿಂದ ಕೆಳಗಿಳಿಯಲಿಲ್ಲ.

ಅಂದೇ ಸಂಜೆ ಮೈಕು ಹಿಡಿದು ಸುದ್ದಿ ಸುಳ್ಳೆಂದು ಕೂಗಿದೆ. ಕೆಳಗೆ ಮೀನು ಕರಿಯುತ್ತಿದ್ದವನು ತಲೆ ಎತ್ತದೆ ಕೇಳಿದ, "ಅದು ಸುಳ್ಳೋ, ಇದು ಸುಳ್ಳೋ?"

ಮೈಕು ಆರಿಸಿ ಕೆಳಗಿಟ್ಟೆ.

ನನ್ನ ಮಗಳು ಚಿಕ್ಕವಳಿದ್ದಾಗ ಇದೇ ಸಂತೆಯಲ್ಲಿ ತಪ್ಪಿಸಿಕೊಂಡಿದ್ದಳು. ಆಗ ಮೈಕು ನೋಡಿಕೊಳ್ಳುತ್ತಿದ್ದ ಮುದುಕ ಒಂದೇ ಸಲ ಕೂಗಿದ. ಇಡೀ ಸಂತೆ ತಕ್ಕಡಿ ಕೆಳಗಿಟ್ಟು ಎದ್ದಿತು. ಮೀನಿನ ಬುಟ್ಟಿಗಳ ಸಂದಿಯಲ್ಲಿ ಸಿಕ್ಕಳು. ಮುದುಕ ಹೋದ ಮೇಲೆ ಬೇರೆ ಯಾರೂ ಮುಂದೆ ಬಾರದಿದ್ದಾಗ ಮೈಕನ್ನು ನಾನೇ ಕೇಳಿ ತೆಗೆದುಕೊಂಡೆ. ಕೂಗಿದರೆ ಜನ ಏಳಬೇಕು. ಈ ಕೆಲಸದಲ್ಲಿ ಇರುವುದು ಅಷ್ಟೇ. ಅದು ಹೋದರೆ ನಾನು ಕಂಬದ ಕೆಳಗೆ ಕೂತು ಕಿರುಚುವ ಹೆಂಗಸು.

ಫೋನು ರಿಪೇರಿಯ ಕಿವುಂಬಿ ಮರುದಿನ ಬಂದ. ಡಬ್ಬವನ್ನು ತಂದು ಕೂರಿಸಿದವನು ಅವನೇ, ಅಮ್ಮಾ ಅನ್ನುವ ಹಾಗೆ ನನ್ನನ್ನು ನ್ಯಾಬೊ ಅನ್ನುವವನು. ಕಂಬದ ಬುಡವನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡ. ಅಲ್ಲಿ ನನ್ನ ಫೋನ್ ನಂಬರಿನ ಕೆಳಗೆ, ಬಿಳಿ ಬಣ್ಣದಲ್ಲಿ, ದಪ್ಪಗೆ, ನಾಲ್ಕು ಸೊನ್ನೆಗಳಿದ್ದವು.

"ಜೋಡಿಯಾಗೋ ಸಂಖ್ಯೇನ ಹೀಗೆ ಬರೆಸಿದೀರಲ್ಲ ನ್ಯಾಬೊ. ಕಳ್ಳನಿಗೆ ಒಂದು ಕುರ್ಚಿನೂ ಹಾಕ್ಬೇಕಿತ್ತು."

"ಸಂತೆಯವರೆಲ್ಲ ಕೂತು ತೀರ್ಮಾನಿಸಿದ್ದು. ನೀನೂ ಚಪ್ಪಾಳೆ ತಟ್ಟಿದೆ. ನಾನು ಊರಿಗೆ ಹೋಗಿರ್ತೀನಿ, ಹುಷಾರಿರಲ್ಲ. ಮನೇಲಿ ಹೆಣ ಇಟ್ಕೊಂಡೋನು ನನ್ನ ಹುಡುಕ್ತಾ ಅಲೀಬೇಕಾ? ಸಾವಿಗೆ ಕಾಯಿಸ್ಬಾರ್ದು ಅಂತ ಬರೆಸಿದ್ದು."

"ಸರಿ. ಈಗ ಸಾವು ಹೇಳ್ದೆ ಕೇಳ್ದೆ ಬರ್ತಿದೆ."

"ದನಿ ನಂದು ಹೆಂಗಾಯ್ತು?"

"ದಿನಾ ಬೀದಿಗೆ ಸುರೀತೀರಿ. ಯಾರ್ ಬೇಕಾದ್ರೂ ತುಂಬ್ಕೋಬಹುದು. ಹೋದ ತಿಂಗಳ ಯಾವ್ದೋ ಸಾವಿನ ಸುದ್ದಿ, ಲುಯಿಂಬಾಜಿಯವರ ಹಸು ಕಳೆದಾಗ ಕೂಗಿದ ಹೆಸರು. ಎರಡನ್ನೂ ಫೋನಲ್ಲೇ ಅಂಟಿಸಿದಾರೆ."

ಅವನು ಹಳೆಯ ಫೋನುಗಳನ್ನೆಲ್ಲ ಡಬ್ಬದ ನೆನಪಿನಿಂದ ಅಳಿಸಿ ಹೊಸ ಸಂಖ್ಯೆ ಹಾಕಿದ. ಸೊನ್ನೆಗಳ ಮೇಲೆ ನಾನೇ ಬಣ್ಣ ಬಳಿದೆ. ಆದರೂ ನೆಮ್ಮದಿಯಾಗಲಿಲ್ಲ. ಪಾದ್ರಿ, ಬೇರಿನ ಔಷಧಿಯವ, ಫುಟ್‌ಬಾಲಿನ ಫಲಿತಾಂಶ ಓದುವವ, ಎಲ್ಲರೂ ಒಂದಲ್ಲ ಒಂದು ದಿನ ಆ ಡಬ್ಬಕ್ಕೆ ಜೋಡಿಯಾದವರೇ. ಯಾರಾದರೂ ಫೋನು ಎತ್ತಿ ಹಿಡಿದರೆ ಸಾಕು, ಮಾತು ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದೆ. ಕಳ್ಳನಿಗೆ ಇನ್ನೊಂದು ಪದ ಕೊಟ್ಟೆನೋ ಏನೋ ಅನ್ನಿಸುತ್ತಿತ್ತು.

ಅದೇ ವಾರ, ನಾನು ನಂಟೊಂಗೊಳ ಜೊತೆ ಚಹಾ ಕುಡಿಯುತ್ತಿದ್ದಾಗ, ಮೇಲಿನಿಂದ ನಾನು ಕೂಗಿದೆ. ಚರ್ಚಿನ ಹಿಂದೆ ನೀರಿನ ಲಾರಿ ಬಂದಿದೆಯಂತೆ, ಬೇಗ ಬನ್ನಿ. ನಲ್ಲಿ ಒಣಗಿದ್ದ ದಿನಗಳು ಅವು. ಜನ ಹಳದಿ ಕ್ಯಾನು ಹಿಡಿದು ಓಡಿದರು, ಬಸುರಿಯರೂ ಓಡಿದರು. ಚರ್ಚಿನ ಹಿಂದೆ ಎರಡು ಮೇಕೆ ಮಲಗಿದ್ದವು. ನಂಟೊಂಗೊ ನನ್ನ ಮುಚ್ಚಿದ ಬಾಯಿಯನ್ನೂ ಕಂಬದ ತುದಿಯನ್ನೂ ಒಂದಾದ ಮೇಲೊಂದು ನೋಡಿದಳು. "ಇದೇನೇ ಇದು," ಎಂದು ಲೋಟ ಕೆಳಗಿಟ್ಟಳು.

ಕಿವುಂಬಿ ಮತ್ತೆ ಬಂದು ಅರ್ಧ ದಿನ ಡಬ್ಬದ ಮುಂದೆ ಕೂತ. ಕೊನೆಗೆ ತನ್ನ ಫೋನಿನಲ್ಲಿ ಏನೋ ಬದಲಾಯಿಸಿ, ಸಂಖ್ಯೆ ಒತ್ತದೆಯೇ, ನನ್ನ ಕಣ್ಣೆದುರಿಗೇ ನೀಲಿ ದೀಪ ಹೊತ್ತಿಸಿದ.

"ಇದು ಸಂಖ್ಯೆ ಕೇಳುತ್ತೆ, ಸುಳ್ಳಲ್ಲ," ಅಂದ. "ಆದ್ರೆ ಬಂದ ಫೋನು, 'ನನಗೆ ಪರದೆ ಇಲ್ಲ, ಗುಂಡಿ ಇಲ್ಲ, ಸಂಖ್ಯೆ ಒತ್ತೋಕಾಗಲ್ಲ' ಅಂದ್ರೆ, ಪಾಪ ಅಂತ ಹಾಗೇ ಒಳಗೆ ಬಿಡುತ್ತೆ. ಫೋನು ಸುಳ್ಳೂ ಹೇಳ್ಬಹುದು ಅಂತ ಡಬ್ಬ ಮಾಡಿದೋರಿಗೆ ಹೊಳೆದಿಲ್ಲ."

"ಹಾಗಾದ್ರೆ ಇದು ಬೀಗ ಅಲ್ಲ."

"ಅಲ್ಲ ನ್ಯಾಬೊ. ಬರೀ ದಾಕ್ಷಿಣ್ಯ."

"ಗಾಳೀಲಿ ಬರೋದನ್ನ ಮುಚ್ಚಿಬಿಡು ಮತ್ತೆ."

"ಮುಚ್ಚೋ ಗುಂಡೀನೇ ಇಟ್ಟಿಲ್ಲ. ಬಿಚ್ಚಿ ಕಿತ್ರೆ ಡಬ್ಬ ಪೂರ್ತಿ ಸತ್ತುಹೋಗುತ್ತೆ. ಬೇರೆ ತರಿಸೋವರ್ಗೂ ತಂತಿ ಮೈಕು ಹಾಕ್ಕೊಡ್ತೀನಿ, ನೀವು ಅದರಲ್ಲಿ ಮಾತಾಡಿ."

ತಂತಿ ಹಾಕಿದ. ಆದರೆ ತಂತಿ ನನ್ನ ಮೇಜಿನ ಮೇಲಿತ್ತು. ದೂರದ ಸಾಲಿನಲ್ಲಿ ಈರುಳ್ಳಿ ಹರಡಿ ಕೂತವಳಿಗೆ ಅದೆಲ್ಲಿ ಕಾಣಬೇಕು? ಗಾಳಿಯಲ್ಲಿ ಬಂದದ್ದಕ್ಕೂ ತಂತಿಯಲ್ಲಿ ಹೋದದ್ದಕ್ಕೂ ತುತ್ತೂರಿ ಒಂದೇ.

ಸಂತೆ ತುಂಬಿದ್ದ ದಿನ ಒಬ್ಬಳು ನನ್ನ ಮೇಜಿಗೆ ಬಂದು ಡಿಕ್ಕಿ ಹೊಡೆದಳು. ನಂಬೋಜೊ ಎಂದು, ಎಂಬಾಲೆ ಕಡೆಯಿಂದ ಹೊಸದಾಗಿ ಬಂದು ಈರುಳ್ಳಿ ಮಾರುತ್ತಿದ್ದವಳು. ಉಸಿರು ಹಿಡಿದುಕೊಂಡು, ನಮ್ಮ ಮಾತನ್ನು ತಡವರಿಸುತ್ತಾ ಹೇಳಿದಳು. ಮಗಳು ಮುಟೋನ್ಯಿ ಕಾಣುತ್ತಿಲ್ಲ. ನಾಲ್ಕು ವರ್ಷ. ಹಳದಿ ಸ್ವೆಟರು.

ಮೈಕು ಹಿಡಿದೆ. "ಕೇಳಿ, ನಮ್ಮವರೇ, ಕೇಳೀ. ಮಗು ಕಳೆದಿದೆ." ಹೆಸರು ಹೇಳಿದೆ, ಸ್ವೆಟರು ಹೇಳಿದೆ.

ಯಾರೂ ಏಳಲಿಲ್ಲ.

ಮೀನಿನವನು ಮೀನು ಮಗುಚಿದ. "ಈ ಸಲ ಮಗುವಂತೆ," ಎಂದು ಯಾರೋ ನಕ್ಕರು. ಇನ್ನೊಮ್ಮೆ ಕೂಗಿದೆ. ತಕ್ಕಡಿಗಳು ತೂಗುತ್ತಲೇ ಇದ್ದವು. ಸಂತೆಯ ಆಚೆ ತುದಿಯಲ್ಲಿ, ಬಾಳೆಗೊನೆ ಇಳಿಸಿ ಮಸಾಕಕ್ಕೆ ಹಿಂತಿರುಗುವ ಲಾರಿಗಳು ಒಂದೊಂದಾಗಿ ಗುರುಗುಟ್ಟತೊಡಗಿದವು.

ನಂಬೋಜೊ ತುತ್ತೂರಿಗಳನ್ನು ನೋಡಿದಳು, ಜನರನ್ನು ನೋಡಿದಳು. "ನ್ಯಾಬೊ, ಇವರಿಗೆ ಕಿವಿ ಕೇಳಲ್ವಾ?" ಅಂದಳು.

ಎದ್ದು ಓಡಲೇ, ಎಷ್ಟು ದೂರ ಓಡಲಿ, ಯಾವ ಸಾಲಿಗೆ? ಎದುರಿಗೆ ನಂಟೊಂಗೊ, ಇಷ್ಟರ ನಡುವೆಯೂ, ಕೊಳೆತ ಹಣ್ಣೊಂದನ್ನು ಗುಡ್ಡೆಯ ಅಡಿಗೆ ತಳ್ಳುತ್ತಿದ್ದಳು. ನನಗೆ ರೇಗಿತು. ಮೈಕು ಬಾಯಿಗೇ ಇತ್ತು.

"ನಂಟೊಂಗೊ, ಎಡಗೈಲಿ ಕೊಳೆತಿದ್ದನ್ನ ಕೆಳಗೆ ತುರುಕಿದ್ಯಲ್ಲ, ಕಂಡೆ."

ಅವಳ ಕೈ ಅಲ್ಲೇ ನಿಂತಿತು. ಅವಳ ಗಿರಾಕಿ ಬಗ್ಗಿ ನೋಡಿ ಜೋರಾಗಿ ನಕ್ಕ. ಅಕ್ಕಪಕ್ಕದ ನಾಲ್ಕಾರು ತಲೆಗಳು ಮೇಲೆದ್ದವು. ಆ ತಲೆಗಳನ್ನು ಕಂಡದ್ದೇ ನನಗೆ ದಾರಿ ಸಿಕ್ಕಿತು.

"ಮೀನಿನಣ್ಣ, ನಿನ್ನ ಬಾಣಲೆಗೆ ನೊಣ ಬಿತ್ತು. ಆಚೆ ಅಲ್ಲ, ಬಾಲದ ಹತ್ರ. ಹಾಂ, ತೆಗೆದ್ಯಲ್ಲ. ಕೆಂಪು ಟೋಪಿ ಬೋಡಾದವನೇ, ಬಾಡಿಗೆ ಬೈಕಿನ ಮೇಲೆ ಕೂತು ತಲೆ ಕೆರ್ಕೊತಿದೀಯ. ಈಗ ಕೈ ಇಳಿಸ್ದೆ. ಈಗ ಹಿಂದೆ ತಿರುಗಿ ನೋಡ್ದೆ. ಹೇಳ್ರಪ್ಪ, ಹೋದ ತಿಂಗಳು ಕದ್ದ ದನಿಗೆ ಇವತ್ತಿನ ನೊಣ ಕಾಣುತ್ತಾ? ನಾನು ನಬ್ವಾಮಿ, ಈಗ, ಇಲ್ಲಿಂದ ಹೇಳ್ತಿದೀನಿ. ಮಗು ಕಳೆದಿದೆ. ಲಾರಿ ಬಿಡ್ಬೇಡಿ. ಏಳಿ."

ಮೊದಲು ಎದ್ದವಳು ನಂಟೊಂಗೊ. ನನ್ನ ಕಣ್ಣಿಗೆ ನಿಲುಕದ ಸಾಲುಗಳ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿದಳು. "ನಿಜ ಕಣ್ರೋ, ಅವಳೇ. ಸಂತೇಲಿ ನನ್ನ ಮಾನ ತೆಗೆದ್ಳು, ಇನ್ಯಾರು ಆಗಿರ್ತಾರೆ?" ಆ ಸಾಲಿನವರು ಮುಂದಿನ ಸಾಲಿಗೆ ಹೇಳಿದರು. ಕೆಂಪು ಟೋಪಿಯವನು ಹೋಗಿ ಹೊರಟಿದ್ದ ಲಾರಿಗೆ ಬೈಕು ಅಡ್ಡ ನಿಲ್ಲಿಸಿದ. ಲಾರಿಯ ಹಿಂಭಾಗದಲ್ಲಿ, ಗೊನೆಗಳ ಅಡಿಗೆ ಹಾಸಿದ್ದ ಬಾಳೆಲೆಗಳ ಮೇಲೆ, ಹಳದಿ ಸ್ವೆಟರು ತಲೆಯವರೆಗೆ ಎಳೆದುಕೊಂಡು ಮುಟೋನ್ಯಿ ನಿದ್ದೆ ಹೋಗಿದ್ದಳು. ಎಬ್ಬಿಸಿದ್ದಕ್ಕೆ ಅತ್ತಳಂತೆ. ನಂಬೋಜೊ ಅವಳ ಬೆನ್ನಿಗೆ ಒಂದು ಕೊಟ್ಟು, ಆಮೇಲೆ ಎದೆಗೆ ಒತ್ತಿಕೊಂಡು, ಈರುಳ್ಳಿ ಅಲ್ಲೇ ಬಿಟ್ಟು ಮನೆಗೆ ಹೋದಳು.

ಸಂತೆ ಮುಗಿಯುವ ಹೊತ್ತಿಗೆ ಲುಯಿಂಬಾಜಿ ಬಂದರು. ಅಂಗಳದ ಸೌದೆ ನೋಡಿದ ದಿನದಿಂದ ಮೊದಲ ಸಲ ಗುಡ್ಡ ಇಳಿದಿದ್ದರು. ಕಂಬದ ಕೆಳಗೆ ಊರುಗೋಲು ಊರಿ ನಿಂತರು.

"ನನ್ನನ್ನೂ ಹಾಗೇ ಕೂಗಮ್ಮ," ಅಂದರು. "ಮೊಮ್ಮಕ್ಕಳು ಕೂಡ ನನ್ನ ಕೈ ಮುಟ್ಟಿ ನೋಡ್ತಾರೆ, ಬೆಚ್ಚಗಿದೆಯಾ ಅಂತ. ಬದುಕಿದಾರೆ ಅಂತ ಬರೀ ಹೇಳ್ಬೇಡ. ಕಾಣೋದನ್ನ ಹೇಳು."

"ಕೇಳಿ, ನಮ್ಮವರೇ, ಕೇಳೀ," ಅಂದೆ. "ಸಾಲೊಂಗೊ ಲುಯಿಂಬಾಜಿ ನನ್ನ ಎದುರಿಗೆ ನಿಂತಿದಾರೆ. ಅಂಗಿ ಗುಂಡಿ ಒಂದು ಕಾಜ ತಪ್ಪಿ ಹಾಕಿದಾರೆ."

ಅವರು ಕತ್ತು ಬಗ್ಗಿಸಿ ನೋಡಿಕೊಂಡರು.

"ಈಗ ನೋಡ್ಕೊಂಡ್ರು. ಈಗ ಮೇಲಿನ ಗುಂಡಿ ಬಿಚ್ತಿದಾರೆ."

ಜನ ನಗುತ್ತಾ ಸುತ್ತ ಸೇರಿದರು. ಮೀನಿನವನು ಎಣ್ಣೆ ಕೈಯಲ್ಲೇ ಅವರ ಭುಜ ಮುಟ್ಟಿದ. ಅವರೂ ನಕ್ಕರು. ಗುಂಪಿನಲ್ಲಿ ಹತ್ತಾರು ಫೋನುಗಳು ಮೇಲೆದ್ದು ನಮ್ಮಿಬ್ಬರನ್ನೂ ಸೆರೆಹಿಡಿಯುತ್ತಿದ್ದವು. ನನ್ನ ದನಿ ಕದ್ದ ಕೈ ಯಾವುದು ಎಂದು ಒಂದೊಂದನ್ನೇ ನೋಡಿದೆ. ಎಲ್ಲ ಗೊತ್ತಿರುವ ಮುಖಗಳು, ಎಲ್ಲರೂ ನಗುತ್ತಿದ್ದರು. ಮೇಜಿನ ಮೇಲೆ ಡಬ್ಬದ ನೀಲಿ ದೀಪ ಮಿಣುಕುತ್ತಿತ್ತು, ಯಾರು ಬಂದರೂ ಸರಿ ಎಂಬಂತೆ.

ಮೈಕು ಕೆಳಗಿಡಲು ಮನಸ್ಸಾಗಲಿಲ್ಲ. ಅವರು ಕೊನೆಯ ಗುಂಡಿ ಹಾಕುವವರೆಗೆ, ಊರುಗೋಲು ಎತ್ತಿಕೊಂಡು ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೆ, ಕಂಡದ್ದನ್ನೆಲ್ಲ ಹೇಳುತ್ತಲೇ ಇದ್ದೆ.