ಹಸಿದ ಕೌದಿ

ಆವತ್ತು ಬೆಳಗಿನ ಮಂಜು ರಾಜಗೋಪಾಲನಗರದ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ಪೀಣ್ಯದ ಕಾರ್ಖಾನೆಗಳ ಹೊಗೆಯೂ ಅದರೊಳಗೇ ಸೇರಿಕೊಂಡು ಎದುರಿನ ನಲ್ಲಿ ಕೂಡ ಕಾಣುತ್ತಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ತಲೆಯಿಲ್ಲದೆ ನಿಂತಿದ್ದ ವರ್ಷ ಅದು. ಮಹಾದೇವಿ ಕಣ್ಣುಬಿಟ್ಟವಳೇ ಮಗ್ಗುಲಲ್ಲಿದ್ದ ಕೌದಿಯನ್ನು ಮುಟ್ಟಿ ನೋಡಿದಳು. ಮಧ್ಯಾಹ್ನಕ್ಕೆ ಮುನಿಯಕ್ಕನ ವರ್ಷದ ಎಡೆ. ಎಡೆಯ ಎಲೆಯ ಕೆಳಗೆ ಈ ಕೌದಿ ಹಾಸಬೇಕು. ಅದು ನೆಲಕ್ಕೆ ಸಮನಾಗಿ ಕೂರುತ್ತದೋ ಇಲ್ಲವೋ, ಶಿವನೇ ಬಲ್ಲ.

ಮಹಾದೇವಿ ಸಿಂದಗಿ ಕಡೆಯ ಹೆಣ್ಣುಮಗಳು. ಗಂಡ ಚನಬಸಪ್ಪ ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ಬಣ್ಣ ಹೊಡೆಯುವವನು. ಮಾಲೀಕರ ಮನೆಯ ಹಿಂದೆ ಅವರಿಗೆ ಬಾಡಿಗೆಗೆ ಸಿಕ್ಕಿದ್ದು ಹತ್ತಡಿಗೆ ಹತ್ತಡಿ ಕೋಣೆ, ತಗಡಿನ ಸೂರು, ಒಂದೇ ಕಿಟಕಿ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಬಂದ ಹೊಸದರಲ್ಲಿ ಅವಳನ್ನು ಮಾತಾಡಿಸಿದ ಜೀವ ಮುನಿಯಕ್ಕ ಒಬ್ಬಳೇ, ಮಾಲೀಕರಾದ ಅನುಸೂಯಮ್ಮನ ಅತ್ತೆ. ಕೆಂಪು ಚೌಕಳಿಯ ನೂಲಿನ ಸೀರೆ ಉಟ್ಟು, ಮುಂಬಾಗಿಲ ಮೆಟ್ಟಿಲ ಮೇಲೆ ಎಲೆಅಡಿಕೆ ಕುಟ್ಟುತ್ತಾ, ಬಾರೆ ಮಗಾ ಎಂದು ಕರೆಯುತ್ತಿದ್ದಳು. ಇವಳ ಮಾತು ಅವಳಿಗೆ ಅರ್ಧ ತಿಳಿಯದು, ಅವಳದು ಇವಳಿಗೆ ಅರ್ಧ. ತಿಳಿಯದ ಕಡೆ ಇಬ್ಬರೂ ನಕ್ಕುಬಿಡುತ್ತಿದ್ದರು. ನಾಲ್ಕು ತಿಂಗಳಿಗೆಲ್ಲ ಶಿವ ಆ ನಗುವನ್ನೂ ಕರೆದುಕೊಂಡ.

ತಿಥಿ ಕಳೆದ ಮೇಲೆ ಅನುಸೂಯಮ್ಮ ಅತ್ತೆಯ ಸೀರೆಗಳ ಗಂಟು ತಂದು ಮುಂದಿಟ್ಟರು. ನಿಮ್ಮ ಕಡೆ ಹೆಂಗಸರು ಹಳೇ ಸೀರೆ ಕೂಡಿಸಿ ಕೌದಿ ಹೊಲಿಯುತ್ತಾರಂತಲ್ಲ, ಹೊಲಿದುಕೊಡು, ವರ್ಷದ ಎಡೆಗೆ ಆಗಬೇಕು ಎಂದರು. ಮಹಾದೇವಿ ಹೂಂ ಅಂದಳು. ಆದರೆ ಗಂಟು ಬಿಚ್ಚಿದ ದಿನವೇ ಆ ಕೆಂಪು ಚೌಕಳಿಯನ್ನು ಮಡಿಸಿ ತನ್ನ ದಿಂಬಿನೊಳಗೆ ತುರುಕಿದಳು. ಅದರಲ್ಲಿ ಎಲೆಅಡಿಕೆಯ, ವಿಭೂತಿಯ ವಾಸನೆ ಇತ್ತು. ಊರಲ್ಲಿ ಅವ್ವನ ಮಡಿಲಿಗೂ ಅದೇ ವಾಸನೆ.

ಊರಲ್ಲಾದರೆ ಕೌದಿಯನ್ನು ಅಂಗಳದಲ್ಲಿ ಹಾಸಿ, ನಾಲ್ಕು ಮಂದಿ ನಾಲ್ಕು ಕಡೆ ಕೂತು, ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾರೆ. ಇಲ್ಲಿ ಹಾಸಲು ಜಾಗವೆಲ್ಲಿ? ತಾರಸಿಗೆ ಅನುಸೂಯಮ್ಮ ಬೀಗ ಹಾಕುತ್ತಿದ್ದರು, ಬಾಡಿಗೆಯವರು ಹತ್ತಿ ನೀರಿನ ತೊಟ್ಟಿ ಕೆಡಿಸುತ್ತಾರೆಂದು. ಮಡಿಸಿದಷ್ಟೇ ಜಾಗದಲ್ಲಿ ಹೊಲಿದು, ಹೊಲಿದದ್ದನ್ನು ಸುತ್ತ ಗುಡ್ಡೆ ಹಾಕಿಕೊಳ್ಳುತ್ತಾ ಹೋದಳು. ಶ್ರಾವಣದ ಹೊತ್ತಿಗೆ ಅವಳೇ ಕೌದಿಯ ನಡುವೆ ಸಿಕ್ಕಿಬಿದ್ದಿದ್ದಳು. ಎದ್ದು ನೀರು ಕುಡಿಯಬೇಕಾದರೂ ಅದನ್ನೆಲ್ಲ ದಾಟಬೇಕು.

ಆ ವರ್ಷ ಸೂಜಿ ಅವಳಿಗೆ ಕೆಲವು ಸಂಗತಿ ಕಲಿಸಿತು. ಗಂಡನ ಮೇಲೆ ಮುನಿದು ಎಳೆದ ದಾರ ಬಟ್ಟೆಯನ್ನು ಸುಕ್ಕು ಮಾಡುತ್ತದೆ; ಮೂರು ದಿನ ಬಿಟ್ಟು ನೋಡಿದರೂ ಆ ಮುನಿಸು ಅಲ್ಲೇ ಕೂತಿರುತ್ತದೆ. ಮೊದಮೊದಲು ಬಿಚ್ಚುವಾಗ ಅಳುತ್ತಿದ್ದಳು. ದಸರೆಯ ಹೊತ್ತಿಗೆ ಅಕ್ಕಿ ಆರಿಸುವ ಹಾಗೆ ಬಿಚ್ಚುತ್ತಿದ್ದಳು. ಒಂದನ್ನು ಮಾತ್ರ ಬಿಚ್ಚಲಾಗಲಿಲ್ಲ. ಅತ್ತೆಯ ಕೆಂಪು ಸೀರೆ ಕಾಣಲಿಲ್ಲವಲ್ಲ ಎಂದು ಅನುಸೂಯಮ್ಮ ಒಮ್ಮೆ ಕೇಳಿದಾಗ, "ಒಳಪದರದಾಗ ಐತ್ರಿ ಅಕ್ಕಾರ" ಅಂದುಬಿಟ್ಟಿದ್ದಳು. ಅಂದಿನಿಂದ ಮೆಟ್ಟಿಲ ಹತ್ತಿರ ಅವರ ಚಪ್ಪಲಿ ಸದ್ದಾದರೆ ಕೋಣೆಯ ಬಾಗಿಲು ಮುಂದೆ ಮಾಡುತ್ತಿದ್ದಳು. ಹತ್ತಡಿ ಕೋಣೆ ಎಂಟಡಿಯಾಯಿತು, ಆರಡಿಯಾಯಿತು.

ಮಂಜು ಕರಗುವ ಹೊತ್ತಿಗೆ ಅನುಸೂಯಮ್ಮ ತಾರಸಿಯ ಬೀಗ ತೆಗೆದು ಕರೆದರು. ಇಬ್ಬರೂ ಎರಡೆರಡು ಮೂಲೆ ಹಿಡಿದು ಕೌದಿ ಹಾಸಿದರು. ವರ್ಷದಲ್ಲಿ ಮೊದಲ ಸಲ ಮಹಾದೇವಿ ಅದನ್ನು ಇಡಿಯಾಗಿ ಕಂಡಳು. ಅಂಚಿನ ಹಸಿರು, ಹಳದಿ, ಕಡುನೀಲಿ, ಸುತ್ತಿ ಸುತ್ತಿ ಬರುವ ಹೊಲಿಗೆಯ ಸಾಲು. ನಡುವೆ ಮಾತ್ರ ಅಂಗೈಯಗಲ ಉಬ್ಬು, ಒಳಗೆ ಯಾರೋ ಮೊಣಕಾಲು ಮಡಿಸಿ ಮಲಗಿದ ಹಾಗೆ. ಆ ಕೆಂಪು ಸೀರೆಯ ಮೆತ್ತನೆಯ ನೂಲು ಬರಬೇಕಾದ ಜಾಗಕ್ಕೆ ಅವಳು ನೈಲಾನ್ ತುಂಡು ಹಾಕಿದ್ದಳು. ಮೂರು ಸಲ ಬಿಚ್ಚಿ ಹೊಲಿದರೂ ಅದು ಬಗ್ಗಿರಲಿಲ್ಲ.

ಅನುಸೂಯಮ್ಮ ಕಾಲಿನಿಂದ ಮೆಲ್ಲಗೆ ಒತ್ತಿ ನೋಡಿದರು. ಒತ್ತಿದಾಗ ಕೂತಿತು, ಬಿಟ್ಟಾಗ ಎದ್ದಿತು.

"ಬುಡಮ್ಮ, ನಮ್ಮತ್ತೆನೂ ಅಂಗೇ ಇದ್ಲು. ಒತ್ತುದ್ರೆ ಕೂರೋಳಲ್ಲ" ಎಂದು ನಕ್ಕರು. ಅದರ ಮೇಲೆ ಎಡೆಯ ಎಲೆ ಇಟ್ಟರೆ ಯಾರಿಗೂ ಕಾಣುವುದಿಲ್ಲ ಎಂದೂ ಸೇರಿಸಿದರು.

ಕೆಳಗೆ ಹೋಗಿ, ಮೊದಲು ಬೆಂದ ಒಬ್ಬಟ್ಟಿನ ತುಂಡನ್ನು ತಟ್ಟೆಯಲ್ಲಿ ತಂದರು. ಕೌದಿಯ ಕೊನೆಯ ಬಾಯಿ ಮುಚ್ಚುವ ಮುನ್ನ ಅದರ ಹೊಟ್ಟೆಗೆ ಒಂದು ತುತ್ತು ಇಡಬೇಕೆಂದು ಮಹಾದೇವಿಯೇ ಹೇಳಿದ್ದಳು. ಅವಳ ಊರಿನ ಪದ್ಧತಿ ಅದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎನ್ನುತ್ತಿದ್ದಳು ಅವ್ವ.

ತುಂಡು ಕೈಗೆ ಬಂತು. ಬಾಯಿ ತೆರೆದೇ ಇತ್ತು. ಇಟ್ಟು, ಆರು ಹೊಲಿಗೆ ಹಾಕಿದರೆ ಮುಗಿಯಿತು. ಆಮೇಲೆ ಒಳಪದರದ ಮಾತು ಕೇಳುವವರು ಯಾರೂ ಇರಲಿಲ್ಲ. ಮಹಾದೇವಿಯ ಬೆರಳು ಮುಂದೆ ಹೋಗಲಿಲ್ಲ. ಇಟ್ಟರೂ ಇದರ ಹಸಿವು ಒಬ್ಬಟ್ಟಿನಿಂದ ಹೋಗುವುದಲ್ಲ ಅನ್ನಿಸಿತು. ಇನ್ನು ಮೇಲೆ ಯಾವುದರ ಮೇಲೆ ತಲೆಯಿಟ್ಟು ಮಲಗುವುದು ಎಂಬ ಅಂಜಿಕೆಯೂ ಹಿಂದೆಯೇ ಬಂತು. ತುಂಡನ್ನು ತಟ್ಟೆಗೆ ಇಟ್ಟು ಮೆಟ್ಟಿಲಿಳಿದಳು.

ಕೋಣೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವಳು ದಿಂಬಿನ ಹೊಲಿಗೆಯನ್ನು ಹಲ್ಲಿನಿಂದ ಹರಿದಳು. ಸೀರೆ ಹೊರಗೆ ಬಂತು. ಮುಖಕ್ಕೆ ಒತ್ತಿಕೊಂಡಳು. ಎಲೆಅಡಿಕೆಯೂ ಇಲ್ಲ, ವಿಭೂತಿಯೂ ಇಲ್ಲ. ತನ್ನದೇ ತಲೆಯ ಕೊಬ್ಬರಿಎಣ್ಣೆಯ ವಾಸನೆ. ಯಾವಾಗ ಹೋಗಿತ್ತೋ ಅದು, ಅವಳಿಗೆ ಗೊತ್ತೇ ಆಗಿರಲಿಲ್ಲ.

ತಾರಸಿಗೆ ಬಂದಾಗ ಅನುಸೂಯಮ್ಮ ಕೌದಿಯ ಪಕ್ಕದಲ್ಲಿ ತಟ್ಟೆ ಹಿಡಿದು ಕೂತಿದ್ದರು.

"ಅಕ್ಕಾರ, ಇದು ಒಳಪದರದಾಗ ಇರಲಿಲ್ರಿ. ನನ್ನ ತಲಿ ಕೆಳಗ ಇತ್ತು."

ಅನುಸೂಯಮ್ಮ ಸೀರೆಯನ್ನು ನೋಡಿದರು, ಅವಳನ್ನು ನೋಡಿದರು. ತಟ್ಟೆಯನ್ನು ನೆಲಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈ ಮುಂದೆ ಚಾಚಿದರು. ಮಹಾದೇವಿ ಬಗ್ಗಿ, ನಿದ್ದೆಯಲ್ಲಿರುವ ಕೂಸನ್ನು ದಾಟಿಸುವ ಹಾಗೆ, ಆ ಕೆಂಪು ಚೌಕಳಿಯನ್ನು ಅವರ ಕೈಯಲ್ಲಿಟ್ಟಳು.