ಗಾಳಿಬೀಡಿನ ಏತ

ಅನುಶ್ರೀ ಕುಶಾಲನಗರದ ಒಬ್ಬ ಇಂಜಿನಿಯರರ ಆಫೀಸಿನಲ್ಲಿ ಮನೆಗಳ ಮುಂಭಾಗದ ಚಿತ್ರ ಮಾಡುತ್ತಿದ್ದಳು. ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿ ತೋರಿಸುವುದು ಅವಳ ಕೆಲಸ. ಕಂಬ ಎಷ್ಟು ದಪ್ಪ ಇರಬೇಕು, ಒಳಗೆ ಎಷ್ಟು ಕಬ್ಬಿಣ ಹೋಗಬೇಕು ಎನ್ನುವುದೆಲ್ಲ ಇಂಜಿನಿಯರರ ಪಾಲು. ಸಂಜೆ ಬಸ್ಸು ಹಿಡಿದು ಶಿರಂಗಾಲದ ಮನೆಗೆ ಬಂದು, ಕಾಫಿ ಕುಡಿದು ಲ್ಯಾಪ್‌ಟಾಪ್ ತೆರೆದರೆ ಅವಳ ಸ್ವಂತ ಕೆಲಸ ಶುರುವಾಗುತ್ತಿತ್ತು.

ಅದೊಂದು ಕಂಪ್ಯೂಟರ್ ಆಟ. ಆಡುವವರು ತಮ್ಮದೇ ಒಂದು ಮನರಂಜನಾ ಪಾರ್ಕು ಕಟ್ಟಿ ನಡೆಸಬೇಕು. ಒಳಗೆ ಪುಟ್ಟ ಪುಟ್ಟ ಜನ ಬರುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ, ರೈಡುಗಳಲ್ಲಿ ಕೂತು ಕಿರುಚುತ್ತಾರೆ. ಕಂಪನಿ ಕೊಟ್ಟ ರೈಡುಗಳು ಸಾಲದು ಅನ್ನಿಸಿದವರು ತಾವೇ ಹೊಸದನ್ನು ಮಾಡಿ ಎಲ್ಲರಿಗೂ ಪುಕ್ಕಟೆ ಹಂಚುತ್ತಿದ್ದರು. ದೇಶದೇಶಗಳಿಂದ ಸೇರಿದ ಅಂಥವರ ಬಳಗದಲ್ಲಿ ಅನುಶ್ರೀಗೆ ಒಳ್ಳೆಯ ಹೆಸರಿತ್ತು. ನಿಜ ಜೀವನದಲ್ಲಿ ಮಡಿಕೇರಿ ಘಾಟಿಯ ತಿರುವಿನಲ್ಲಿ ಬಸ್ಸು ವಾಲಿದರೂ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಜಾಯಿಂಟ್ ವ್ಹೀಲನ್ನೂ ಅವಳು ಹತ್ತಿದವಳಲ್ಲ.

ಅವಳು ಮಾಡಿದ್ದರಲ್ಲೆಲ್ಲ ಜನ ಹೆಚ್ಚು ಮೆಚ್ಚಿದ್ದು ‘ಏತ’ವನ್ನು. ಅವಳ ತಂದೆ ಸಣ್ಣಸ್ವಾಮಿಯವರ ಹಿರಿಯರು ಹಾಸನದ ಕಡೆಯಿಂದ ಬಂದವರು. ಅಲ್ಲಿ ಬಾವಿಯಿಂದ ನೀರೆತ್ತಲು ಉದ್ದನೆಯ ಮರಕ್ಕೆ ಬಾನಿ ಕಟ್ಟಿ, ಆ ಮರದ ಮೇಲೆ ಒಬ್ಬ ಹಿಂದೆ ಮುಂದೆ ನಡೆಯುತ್ತಿದ್ದನಂತೆ. ಅಪ್ಪ ಹೇಳಿದ ಆ ಕತೆಯನ್ನೇ ಹಿಡಿದು ಅನುಶ್ರೀ ಹಳದಿ ಕಂಬ ನಿಲ್ಲಿಸಿ, ಅದರ ನೆತ್ತಿಗೆ ಉದ್ದನೆಯ ತೋಳು ಕೂರಿಸಿದಳು. ತೋಳಿನ ಒಂದು ತುದಿಗೆ ಭಾರ, ಇನ್ನೊಂದು ತುದಿಗೆ ಎಂಟು ಜನ ಕೂರುವ ತೊಟ್ಟಿ. ಅದು ಮೆಲ್ಲಗೆ ಮೇಲೇಳುತ್ತದೆ, ಆಕಾಶದಲ್ಲಿ ಒಂದು ಸುತ್ತು ತಿರುಗುತ್ತದೆ, ಬಾವಿಗೆ ಬಿದ್ದಂತೆ ಕೆಳಗಿಳಿಯುತ್ತದೆ. ತಿರುಗುವಾಗ ತೋಳು ಕಂಬದೊಳಗೆ ಒಂದು ಗೇಣು ಹೊಕ್ಕು ಹಾದುಹೋಗುತ್ತಿತ್ತು. ಆಟದಲ್ಲಿ ಅದೇನೂ ತೊಂದರೆಯಲ್ಲ, ಅಲ್ಲಿ ಕಬ್ಬಿಣವೂ ಗಾಳಿಯೇ. ಕಾಣದಿರಲೆಂದು ಅಲ್ಲೊಂದು ಮುಚ್ಚಳ ಇಟ್ಟು ಅದರ ಮೇಲೆ ಬೋಲ್ಟುಗಳ ಚಿತ್ರ ಅಂಟಿಸಿದ್ದಳು.

ಅಕ್ಕ ಸೌಮ್ಯಳನ್ನು ಮಡಿಕೇರಿ ಪಕ್ಕದ ಗಾಳಿಬೀಡಿಗೆ ಕೊಟ್ಟಿತ್ತು. ಭಾವ ನಂದೀಶ್ ಅಲ್ಲಿ ಕಾಫಿ ತೋಟದ ಅಂಚಿನ ಇಳಿಜಾರಿನಲ್ಲಿ ಪ್ರವಾಸಿಗರಿಗೆಂದು ಹಗ್ಗದ ಸೇತುವೆ, ಜಿಪ್‌ಲೈನ್, ಒಂದು ಸಣ್ಣ ಹೋಟೆಲು ಮಾಡಿಕೊಂಡಿದ್ದ. ಗೌರಿಹಬ್ಬಕ್ಕೆ ಹೆಂಡತಿಯನ್ನು ತವರಿಗೆ ಕರೆತಂದವನು ನಾದಿನಿಯ ಲ್ಯಾಪ್‌ಟಾಪಿನಲ್ಲಿ ಏತ ತಿರುಗುವುದನ್ನು ನೋಡಿದ. ಇನ್ನೊಂದ್ಸಲ ಹಾಕು ಎಂದು ಮತ್ತೆ ನೋಡಿದ.

“ಅನೂ, ಇದು ನಮ್ ಜಾಗದಲ್ಲಿ ನಿಂತ್ರೆ ಹೇಗಿರುತ್ತೆ?”

“ಮಡಿಕೇರಿಯಿಂದ್ಲೇ ಕಾಣ್ಸುತ್ತೆ ಭಾವ,” ಎಂದು ಅನುಶ್ರೀ ನಕ್ಕಳು. ತಮಾಷೆಯೆಂದೇ ತಿಳಿದಿದ್ದಳು.

ಅವನು ಅವಳನ್ನು ಏನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಬಳಗದ ಪುಟದಲ್ಲಿ ಏತ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇತ್ತು. ನಂದೀಶನ ಹತ್ತಿರ ಲೆಕ್ಕ, ಜಾಹೀರಾತು ನೋಡಿಕೊಳ್ಳುತ್ತಿದ್ದ ಚೇತನ್‌ಕುಮಾರ್ ಅದನ್ನು ಇಳಿಸಿಕೊಂಡು, ಎಲ್ಲ ದಿಕ್ಕಿನಿಂದ ಚಿತ್ರ ತೆಗೆದು, ಅಳತೆ ಬರೆದು, ಗ್ರಿಲ್ ಗೇಟು ಮಾಡುವ ಒಂದು ವರ್ಕ್‌ಶಾಪಿಗೆ ಕೊಟ್ಟ.

ದೀಪಾವಳಿ ಕಳೆದ ಮೇಲೆ ಸೌಮ್ಯಳ ಫೋನಿನಿಂದ ಒಂದು ಫೋಟೋ ಬಂತು. ಮಂಜಿನ ನಡುವೆ ಹಳದಿ ಕಂಬ. ಕೆಳಗೆ, ‘ನಿನ್ನ ಕೂಸು ನೋಡೇ’ ಎಂದು ಬರೆದಿದ್ದಳು.

ಆ ಭಾನುವಾರವೇ ಅನುಶ್ರೀ ತಾಯಿ ವಿಶಾಲಾಕ್ಷಮ್ಮನ ಜೊತೆ ಗಾಳಿಬೀಡಿಗೆ ಹೋದಳು. ಒಂದು ಗಳಿಗೆ ಅವಳಿಗೆ ಮೈ ಜುಮ್ಮೆಂದದ್ದು ನಿಜ. ಬೆರಳಿನಲ್ಲಿ ಎಳೆದ ಗೆರೆಗಳು ಆಳೆತ್ತರ ಮೀರಿ ಗಾಳಿಯಲ್ಲಿ ನಿಂತಿದ್ದವು. ಹತ್ತಿರ ಹೋದಾಗ ಆ ಖುಷಿ ಇಳಿಯಿತು. ಅವಳು ಬರೀ ಚಿತ್ರವಾಗಿ ಅಂಟಿಸಿದ್ದ ಬೋಲ್ಟುಗಳ ಜಾಗದಲ್ಲಿ ವರ್ಕ್‌ಶಾಪಿನವರು ಬೋಲ್ಟಿನ ತಲೆಗಳನ್ನಷ್ಟೇ ಬೆಸುಗೆ ಹಾಕಿದ್ದರು. ಅವು ಏನನ್ನೂ ಹಿಡಿದಿರಲಿಲ್ಲ. ತೋಳು ತಿರುಗುವ ಕಡೆ ಕಂಬವನ್ನು ಒಂದು ಗೇಣು ಕತ್ತರಿಸಿ ಸೊಂಟ ಸಣ್ಣಗೆ ಮಾಡಿದ್ದರು.

“ಇದ್ಯಾಕೆ ಹೀಗೆ ಕತ್ತರಿಸಿದ್ದು?” ಎಂದು ಚೇತನ್‌ಕುಮಾರನನ್ನು ಕೇಳಿದಳು.

“ತೋಳು ತಾಗ್ತಿತ್ತು ಮೇಡಂ. ನಿಮ್ ಡಿಸೈನಲ್ಲಿ ತಾಗಲ್ವಲ್ಲ, ಅದ್ಕೆ ಕಟ್ ಮಾಡಿಸ್ದೆ. ಈಗ ಸೇಮ್ ಟು ಸೇಮ್.”

ಅನುಶ್ರೀ ಹೋಟೆಲಿನ ಹಿಂದೆ ಭಾವನನ್ನು ಹಿಡಿದು ನಿಲ್ಲಿಸಿದಳು. “ಭಾವ, ಅದು ಆಟ. ಅದ್ರಲ್ಲಿ ಯಾವುದಕ್ಕೂ ತೂಕ ಇಲ್ಲ. ನಂಗೆ ಚೆಂದ ಕಾಣೋ ಹಂಗೆ ಮಾಡೋಕೆ ಬರುತ್ತೆ ಅಷ್ಟೇ. ಗಟ್ಟಿ ಮಾಡೋಕೆ ಬರಲ್ಲ.”

ನಂದೀಶನಿಗೆ ಕೋಪ ಬರಲಿಲ್ಲ. ಅವನು ಕೋಪಿಷ್ಠನಲ್ಲ. “ಎಷ್ಟು ಸಾವಿರ ಜನ ಆಡಿದ್ದಾರೆ ಅಂತ ನೀನೇ ತೋರ್ಸಿದ್ಯಲ್ಲ. ಯಾರಾದ್ರೂ ಒಬ್ರು ಬಿದ್ರಾ?”

“ಬೀಳೋಕೆ ಬರೋದೇ ಇಲ್ಲ ಭಾವ ಅದ್ರಲ್ಲಿ! ಬೀಳೋದನ್ನ ನಾನು ಇಟ್ಟೇ ಇಲ್ಲ.”

“ಮರಳಿನ ಚೀಲ ತುಂಬಿ ವಾರಗಟ್ಲೆ ತಿರುಗ್ಸಿದ್ದೀವಿ. ಹೆದ್ರಬೇಡ. ನೀನು ಮೊದ್ಲಿಂದ್ಲೂ ಹೀಗೇ, ಹೊಗಳಿದ್ರೆ ನಾಚ್ಕೋತೀಯ.”

ಮನೆಯೊಳಗೆ ಸೌಮ್ಯ ಅಕ್ಕಿರೊಟ್ಟಿ ತಟ್ಟುತ್ತಾ ತಲೆಯೆತ್ತದೆ ಹೇಳಿದಳು. “ಅವ್ರು ಎಷ್ಟು ಆಸೆಯಿಂದ ಮಾಡಿದ್ದಾರೆ ಗೊತ್ತಾ? ನೀನೇ ಬಂದು ಕಲ್ಲು ಹಾಕಿದ್ರೆ ನಾನು ಈ ಮನೇಲಿ ಮುಖ ಎತ್ಕೊಂಡು ಹೇಗಿರ್ಲೇ?” ಬಸ್ಸಿನಲ್ಲಿ ವಾಪಸು ಬರುವಾಗ ವಿಶಾಲಾಕ್ಷಮ್ಮನೂ, “ಅಳಿಯಂದ್ರ ಎದುರು ಹಂಗೆಲ್ಲ ವಾದ ಹಾಕ್ಬೇಡ ಕಣವ್ವ,” ಎಂದರು.

ಅನುಶ್ರೀ ಫೋಟೋಗಳನ್ನು ಬಳಗದವರಿಗೆ ಕಳಿಸಿ, ಇದು ಅಪಾಯ ಎಂದು ಹೇಗೆ ಮನವರಿಕೆ ಮಾಡಲಿ ಎಂದು ಕೇಳಿದಳು. ಅವರು ಕುಣಿದಾಡಿದರು. ನಮ್ಮಲ್ಲಿ ಒಬ್ಬರ ರೈಡು ನಿಜವಾಗಿ ಎದ್ದು ನಿಂತಿತಲ್ಲ! ಶುಭಾಶಯಗಳ ಸುರಿಮಳೆ. ಕೆನಡಾದ ಒಬ್ಬ ನಿವೃತ್ತ ಮೆಕ್ಯಾನಿಕ್ ಮಾತ್ರ ಬೇರೆ ಬರೆದ. ಕಂಬವನ್ನು ಕತ್ತರಿಸಿದ ಜಾಗ ಒಂದಲ್ಲ ಒಂದು ದಿನ ಸೀಳುತ್ತದೆ, ಯಾವಾಗ ಎಂದು ಫೋಟೋ ನೋಡಿ ಹೇಳಲಾಗದು, ನಿಲ್ಲಿಸಿಬಿಡಿ ಎಂದ. ಅವಳು ಅದನ್ನು ಕನ್ನಡಕ್ಕೆ ತಿರುಗಿಸಿ ನಂದೀಶನಿಗೆ ಕಳಿಸಿದಳು. ‘ಅವ್ರು ಬಂದು ನೋಡಿಲ್ವಲ್ಲಮ್ಮ’ ಎಂದು ಉತ್ತರ ಬಂತು. ಕೊನೆಗೊಂದು ಕೈಮುಗಿಯುವ ಗುರುತು.

ತನ್ನ ಇಂಜಿನಿಯರರನ್ನು ಕೇಳಿದಳು. ಅವರು ಕನ್ನಡಕ ತೆಗೆದು ಫೋಟೋ ನೋಡಿ, “ಇದು ನಮ್ ಲೈನಲ್ಲಮ್ಮ. ನಾನು ಬಾಯಿ ಹಾಕಿದ್ರೆ ಜವಾಬ್ದಾರಿ ನಂದಾಗುತ್ತೆ,” ಎಂದರು. ಒಂದು ದಿನ ರಜೆ ಹಾಕಿ ಸರ್ಕಾರಿ ಕಚೇರಿಯೊಂದಕ್ಕೂ ಹೋದಳು. ಅಲ್ಲಿದ್ದ ಗುಮಾಸ್ತ ಸಮಾಧಾನದಿಂದಲೇ ಕೇಳಿದ.

“ಏನಾದ್ರೂ ಅನಾಹುತ ಆಗಿದ್ಯಾ?”

“ಇಲ್ಲ. ಆಗ್ಬಾರ್ದು ಅಂತ್ಲೇ ಬಂದೆ.”

“ಆಗದೇ ಇದ್ದದ್ದನ್ನ ಏನಂತ ಬರ್ಕೊಳ್ಳೋದು? ಆಯ್ತು, ಅರ್ಜಿ ಕೊಡಿ. ನಿಮ್ ಹೆಸ್ರು, ವಿಳಾಸ, ಅವ್ರಿಗೂ ನಿಮ್ಗೂ ಏನ್ ಸಂಬಂಧ, ಎಲ್ಲ ಬರೀರಿ. ಅವ್ರಿಗೊಂದು ಕಾಪಿ ಹೋಗುತ್ತೆ.”

ಅನುಶ್ರೀ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಅಕ್ಕ ರೊಟ್ಟಿ ತಟ್ಟುತ್ತಿದ್ದ ಕೈ ಕಣ್ಣ ಮುಂದೆ ಬಂತು. ಏನೂ ಬರೆಯದೆ ಎದ್ದು ಬಂದಳು. ಆ ಸಂಜೆ ಬಳಗದ ಪುಟದಿಂದ ಏತವನ್ನು ಅಳಿಸಿಹಾಕಿದಳು. ಅದರಿಂದ ಏನೂ ಆಗದೆಂದು ಅವಳಿಗೆ ಗೊತ್ತಿತ್ತು. ಅಳಿಸಿದ್ದೇಕೆಂದು ಕೇಳಿ ಬೇರೆ ಯಾರೋ ತಮ್ಮಲ್ಲಿದ್ದ ಪ್ರತಿಯನ್ನು ಮರುದಿನವೇ ಮತ್ತೆ ಹಾಕಿದರು.

ಉಳಿದದ್ದು ಅಪ್ಪ. ಸಣ್ಣಸ್ವಾಮಿಯವರ ಮಾತೆಂದರೆ ನಂದೀಶನಿಗೆ ಗೌರವ. ಮಗಳು ಕಂಪ್ಯೂಟರಿನಲ್ಲಿ ಎಲ್ಲವನ್ನೂ ತೋರಿಸಿ ವಿವರಿಸಿದಾಗ ಅವರು ಗಂಭೀರವಾಗಿ ತಲೆಯಾಡಿಸಿದರು. ಶುಂಠಿ ಕೀಳುವ ಆಳುಗಳನ್ನು ಹೆಂಡತಿಗೆ ಒಪ್ಪಿಸಿ, ಬಿಳಿ ಪಂಚೆಯುಟ್ಟು ಬೆಳಗಿನ ಬಸ್ಸಿಗೆ ಹೊರಟರು. ಸಂಜೆ ಬಂದವರು ಜಗಲಿಯ ಮೇಲೆ ಕೂತರು.

“ಹೇಳಿದ್ಯಾ ಅಪ್ಪ?”

“ಕೂತಿದ್ದೆ ಕಣವ್ವ ಅದ್ರಲ್ಲಿ,” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. “ನಂದೀಶಪ್ಪ ಬಿಡ್ಲಿಲ್ಲ, ಮಾವ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ. ಏನವ್ವಾ ಅದು! ಮೋಡ ಎಲ್ಲ ಕಾಲ್ ಕೆಳಗೆ ಬಂತು. ನಮ್ ತಾತ ಏತದ ಮರದ ಮ್ಯಾಲೆ ನಡೀತಿದ್ನಂತಲ್ಲ, ಅವ್ನೇ ಜೊತೇಲಿ ಕೂತಂಗಾಯ್ತು. ಇದನ್ನ ನನ್ ಮಗಳು ಮಾಡಿದ್ದು ಅಂತ ಅಲ್ಲಿದ್ದೋರ್ಗೆಲ್ಲ ಹೇಳ್ದೆ.”

“ನಿಲ್ಸಿ ಅಂತ ಹೇಳ್ಲಿಲ್ವಾ?”

“ಹೆಂಗ್ ಹೇಳ್ಲಿ? ಇಳಿಯೋವಾಗ ಕಿರ್ ಅಂತ ಒಂದ್ ಸದ್ದು ಬಂತು, ಅಷ್ಟೇಯ. ಗಾಡಿ ಅಂದ್ಮ್ಯಾಲೆ ಬತ್ತದೆ ಬಿಡು.”

ಅನುಶ್ರೀ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಡಿಸೆಂಬರ್ ರಜೆಯಲ್ಲಿ ಮಡಿಕೇರಿ ತುಂಬ ಪ್ರವಾಸಿಗರು. ಒಂದು ಮಧ್ಯಾಹ್ನ ಅನುಶ್ರೀ ಯಾರದೋ ಮನೆಯ ಬಾಲ್ಕನಿಗೆ ಬಣ್ಣ ಹಾಕುತ್ತಿದ್ದಾಗ ಸೌಮ್ಯಳ ಫೋನು ಬಂತು.

“ಅನೂ, ಏತ ಮೇಲೇ ನಿಂತ್ಬಿಟ್ಟಿದೆ! ಜನ ಇದ್ದಾರೆ ಅದ್ರಲ್ಲಿ. ಇಳೀತಾ ಇಲ್ಲ. ಕಂಬ ವಾಲಿದೆ ಕಣೇ!”

ಹಿಂದಿನಿಂದ ಕಿರುಚಾಟ ಕೇಳುತ್ತಿತ್ತು. ಆಟದಲ್ಲಿ ರೈಡು ಕೆಟ್ಟು ನಿಂತರೆ ಒಂದು ಗುಂಡಿ ಒತ್ತಿದರೆ ಸಾಕು. ತೊಟ್ಟಿ ನೆಲದ ಮೇಲಿರುತ್ತದೆ, ಜನ ನಗುತ್ತಾ ಇಳಿದುಹೋಗುತ್ತಾರೆ.

“ನೀನೇ ಮಾಡಿದ್ದಲ್ವಾ? ಹೇಗೆ ಇಳಿಸೋದು ಹೇಳು! ಫೋನ್ ಸ್ಪೀಕರಲ್ಲಿದೆ, ಎಲ್ರೂ ಕೇಳಿಸ್ಕೊಳ್ತಾ ಇದ್ದಾರೆ, ಬೇಗ ಹೇಳು!”

“ನಂಗೊತ್ತಿಲ್ಲಕ್ಕ,” ಎಂದಳು ಅನುಶ್ರೀ. “ನಂಗೊತ್ತಿಲ್ಲ. ನಂಗೆ ಅದು ಗೊತ್ತಿಲ್ಲ.”

ಫೋನು ಕಡಿದುಹೋಯಿತು. ಅವಳು ತಿರುಗಿ ಮಾಡಿದಾಗ ಯಾರೂ ಎತ್ತಲಿಲ್ಲ. ಬಸ್ಸಿಗೆ ಓಡಿದಳು. ಘಾಟಿಯ ಉದ್ದಕ್ಕೂ ಕಾರುಗಳ ಸಾಲು, ಬಸ್ಸು ಇಂಚಿಂಚೇ ತೆವಳಿತು. ಅವಳು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಏತ ನಡೆಸುತ್ತಿದ್ದ ಕುಟ್ಟಪ್ಪ ಎನ್ನುವವರು ಭಾರದ ತುದಿಗೆ ಹಗ್ಗ ಹಾಕಿ, ತೋಟದ ಕೆಲಸದವರನ್ನು ಕರೆದು, ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಸಡಿಲ ಬಿಡುತ್ತಾ ತೊಟ್ಟಿಯನ್ನು ಇಳಿಸಿದ್ದರು. ಕೊನೆಯಲ್ಲಿ ಹಗ್ಗ ಕೈಮೀರಿ ತೊಟ್ಟಿ ಧಪ್ಪೆಂದು ಕೂತಿತ್ತು. ಒಳಗಿದ್ದವರಿಗೆ ತರಚು ಗಾಯ, ಅಷ್ಟೆ. ಕುಟ್ಟಪ್ಪನವರ ಬಲಗೈ ಹಗ್ಗಕ್ಕೂ ಕಂಬಕ್ಕೂ ನಡುವೆ ಸಿಕ್ಕಿತ್ತು.

ಆಸ್ಪತ್ರೆಯಲ್ಲಿ ಅವರು ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು. ಎರಡು ಬೆರಳು ಉಳಿದಿರಲಿಲ್ಲ. ಅನುಶ್ರೀ ಹಾಸಿಗೆಯ ಪಕ್ಕ ನಿಂತು ಅತ್ತಳು.

“ನೀವ್ಯಾಕೆ ಅಳುದು?” ಎಂದರು ಕುಟ್ಟಪ್ಪ. “ನೀವು ಬೇಡ ಅಂತ ಹೇಳಿದ್ದು ನಂಗೆ ಗೊತ್ತುಂಟು. ನಾನೂ ಹೇಳಿದ್ದೆ, ಶಬ್ದ ಸರಿಯಿಲ್ಲ ಅಂತ. ಎಂತ ಮಾಡುದು? ಕೇಳ್ಬೇಕಲ್ಲ.”

ನಂದೀಶ್ ಹೊರಗೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. “ಇನ್ನು ಅದನ್ನ ಮುಟ್ಟಲ್ಲಮ್ಮ,” ಎಂದ. ಕುಟ್ಟಪ್ಪನವರ ಖರ್ಚನ್ನೆಲ್ಲ ಅವನೇ ನೋಡಿಕೊಂಡ. ದಿನಾ ಬುತ್ತಿ ತಂದುಕೊಟ್ಟ. ಏತಕ್ಕೆ ಟಾರ್ಪಾಲು ಮುಚ್ಚಿಸಿದ. ಅನುಶ್ರೀ ಆಗ ಸ್ವಲ್ಪ ನಿದ್ದೆ ಮಾಡಿದಳು.

ಆದರೆ ತೊಟ್ಟಿ ಆಕಾಶದಲ್ಲಿ ನಿಂತದ್ದನ್ನೂ ಕುಟ್ಟಪ್ಪ ಹಗ್ಗ ಹಿಡಿದದ್ದನ್ನೂ ಯಾರೋ ವಿಡಿಯೋ ಮಾಡಿದ್ದರು. ಅದು ಊರೂರು ಸುತ್ತಿತು. ಏತ ಎಲ್ಲಿದೆ, ಯಾವಾಗ ತೆರೆಯುತ್ತದೆ ಎಂದು ಕೇಳಿಕೊಂಡು ಜನ ಬರತೊಡಗಿದರು. ಯಾರೋ ಅಧಿಕಾರಿಗಳು ಬಂದು ಸುರಕ್ಷತೆಯ ಪತ್ರ ಕೇಳಿದರು, ಎಲ್ಲಿಂದಲೋ ಒಂದು ಪತ್ರವೂ ಬಂತು. ಸಂಕ್ರಾಂತಿಯ ನಂತರ ಕಂಬದ ಸೊಂಟಕ್ಕೆ ಎರಡೂ ಕಡೆ ಕಬ್ಬಿಣದ ಹಲಗೆ ಬೆಸೆದು, ಹೊಸ ಬಣ್ಣ ಹೊಡೆದು ಮತ್ತೆ ತೆರೆದರು. ಬಾಗಿಲಲ್ಲಿ ಒಂದು ಬೋರ್ಡು ನಿಂತಿತು: ‘ಏತ. ವಿನ್ಯಾಸ: ಕು. ಅನುಶ್ರೀ, ಶಿರಂಗಾಲ.’

“ನನ್ ಹೆಸ್ರು ತೆಗ್ಸು ಅಕ್ಕ,” ಎಂದು ಅನುಶ್ರೀ ಫೋನಿನಲ್ಲಿ ಬೇಡಿಕೊಂಡಳು.

“ಪ್ರೀತಿಯಿಂದ ಹಾಕ್ಸಿದ್ದಾರೆ ಕಣೇ,” ಎಂದು ಸೌಮ್ಯ ಅತ್ತಳು. “ಈಗ ಗಟ್ಟಿ ಮಾಡ್ಸಿದ್ದಾರಲ್ಲ. ಇನ್ನೇನು ಮಾಡ್ಬೇಕು ಹೇಳು ಅವ್ರು?”

ಏನು ಮಾಡಬೇಕೆಂದು ಅನುಶ್ರೀಗೂ ಗೊತ್ತಿರಲಿಲ್ಲ. ಆ ಹಲಗೆ ಸಾಕೋ ಸಾಲದೋ ಅವಳಿಗೆ ಹೇಳಲು ಬರುವುದಿಲ್ಲ. ಹೇಳಬಲ್ಲವರು ಯಾರೂ ಬಂದು ನೋಡುವುದಿಲ್ಲ. ಕೆನಡಾದವನನ್ನು ಕೇಳಿದಾಗ, ಬೆಸುಗೆಯ ಮೇಲೆ ಅಡ್ಡಲಾಗಿ ಒಂದು ತೆಳ್ಳನೆಯ ಗೆರೆ ಎಳೆದಿಡಿ, ಗೆರೆ ಮುರಿದರೆ ಕಬ್ಬಿಣ ಜರುಗಿದೆಯೆಂದು ಅರ್ಥ ಎಂದ.

ಈಗ ಪ್ರತಿ ಭಾನುವಾರ ಅವಳು ಶಿರಂಗಾಲದಿಂದ ಹೊರಡುತ್ತಾಳೆ. ಘಾಟಿಯಲ್ಲಿ ನಿಂಬೆಹಣ್ಣು ಮೂಗಿಗೆ ಹಿಡಿದು ಕೂರುತ್ತಾಳೆ. ಗಾಳಿಬೀಡಿನಲ್ಲಿ ಏಣಿ ಹಾಕಿಸಿ ಹತ್ತಿ, ಬಿಳಿ ಬಣ್ಣದ ಗೆರೆಗಳನ್ನು ಒಂದೊಂದಾಗಿ ನೋಡುತ್ತಾಳೆ. ಮಂಜಿಗೆ ಕೆಲವು ಮಾಸಿರುತ್ತವೆ. ಮಾಸಿದ್ದೋ ಮುರಿದದ್ದೋ ಎಂದು ಬಹಳ ಹೊತ್ತು ನೋಡಿ, ಮತ್ತೆ ಎಳೆಯುತ್ತಾಳೆ. ಉಳಿದ ಆರು ದಿನ ಯಾರೂ ನೋಡುವುದಿಲ್ಲ.

ಹೋದ ಭಾನುವಾರ ಅವಳು ಏಣಿಯಿಂದ ಇಳಿಯುವಾಗ ಮಗಳ ಕೈಹಿಡಿದಿದ್ದ ಒಬ್ಬ ಹೆಂಗಸು ಬೋರ್ಡು ನೋಡಿ ಹತ್ತಿರ ಬಂದಳು. “ನೀವೇನಾ ಇದನ್ನ ಮಾಡಿದ್ದು? ಸೇಫ್ ತಾನೇ?”

ಟಿಕೆಟ್ ಕೌಂಟರಿನಿಂದ ಸೌಮ್ಯ ಇತ್ತಲೇ ನೋಡುತ್ತಿದ್ದಳು.

“ನಾನಾಗಿದ್ರೆ ಕೂರಲ್ಲ,” ಎಂದಳು ಅನುಶ್ರೀ.

ಹೆಂಗಸು ಜೋರಾಗಿ ನಕ್ಕಳು. “ನೋಡಿದ್ಯಾ ಪುಟ್ಟಿ, ಮಾಡಿದ ಆಂಟಿಗೇ ಹೆದ್ರಿಕೆಯಂತೆ!” ಎಂದು ಮಗಳ ಕೈಹಿಡಿದು ಸಾಲಿನಲ್ಲಿ ಹೋಗಿ ನಿಂತಳು. ಅವರ ಸರದಿ ಬಂತು. ಬೆಲ್ಟು ಕಟ್ಟಿದರು. ತೊಟ್ಟಿ ಮೆಲ್ಲಗೆ ನೆಲ ಬಿಟ್ಟಿತು. ಅನುಶ್ರೀ ಬಣ್ಣದ ಡಬ್ಬಿಯನ್ನು ಕೈಯಲ್ಲೇ ಹಿಡಿದು, ಅದು ಕೆಳಗಿಳಿಯುವವರೆಗೂ ತಲೆಯೆತ್ತಿ ನೋಡುತ್ತಾ ನಿಂತಳು.